ಎಲ್ಲ ಗಾಡಿಗೂ ಇರುವ ಸದ್ದು

ಮಂಡ್ಯದ ಕಡೆ ಅಂಗಡಿಗಳಿಗೆ ಮೊಟ್ಟೆ ಸಾಗಿಸುವ ಚೆಲುವರಾಜು ಅಂತ ಒಬ್ಬನಿದ್ದ. ಅವನ ಹೊಸ ಪಿಕಪ್ ಗಾಡಿ ಗುಂಡಿಗೆ ಇಳಿದರೆ ಸಾಕು, ಕೆಳಗಿಂದ ಕಟಕಟ ಅಂತ ಕುಲುಕುತ್ತಿತ್ತು. ಹಿಂದೆ ಮೊಟ್ಟೆ ಒಡೆಯುತ್ತಿದ್ದವು. ಗಾಡಿ ಕೊಂಡ ಶೋರೂಮಿಗೇ ತಂದು ಹೇಳಿದರೆ, ಅಲ್ಲಿನ ಸರ್ವಿಸ್ ಮ್ಯಾನೇಜರ್ ಕುರ್ಚಿಯಿಂದ ಏಳದೆಯೇ, "ಆ ಸದ್ದು ನಮ್ಮ ಎಲ್ಲ ಗಾಡಿಗೂ ಇರುತ್ತೆ ಕಣಯ್ಯ, ಹೋಗು" ಅಂದುಬಿಟ್ಟ.

ಚೆಲುವರಾಜು ಅಲ್ಲೇ ಹೊಸ ಪಿಕಪ್ ನೋಡುತ್ತಿದ್ದ ಯಜಮಾನರೊಬ್ಬರನ್ನು ವಿನಯದಿಂದ ಕರೆದ.

"ಬನ್ನಿ ಅಣ್ಣ, ನನ್ನ ಗಾಡೀಲಿ ಒಂದು ಸುತ್ತು ಕೂತು ಸದ್ದು ಕೇಳ್ಕೊಳಿ. ನೀವು ತಗೊಳೋ ಗಾಡೀಲೂ ಇರುತ್ತಂತೆ. ಈಗಲೇ ರೂಢಿಯಾದ್ರೆ ಆಮೇಲೆ ಗಾಬರಿಯಾಗಲ್ಲ."

ಯಜಮಾನರು ಮ್ಯಾನೇಜರನ ಕಡೆ ತಿರುಗಿದರು. "ಹೌದೇನ್ರೀ?"

ಮ್ಯಾನೇಜರ್ ಓಡಿ ಬಂದು ಚೆಲುವರಾಜುವಿನ ಕೈಯಿಂದ ಕೀ ಇಸಿದುಕೊಂಡ.

"ಇಲ್ಲ ಸಾರ್, ಇದೊಂದಕ್ಕೇ ಇರೋದು. ಸಂಜೆಯೊಳಗೆ ಇದಕ್ಕೂ ಇರಲ್ಲ."