ಹಂಸಿಯ ಹೊಟ್ಟೆ, ಜೀನಿನ ಪಟ್ಟಿ

ನೀಲಗಂಗವ್ವ ಗುಡ್ಡದಾಚೆ ಗೆಳತಿಯ ಊರಿಗೆ ಹೊರಟಿದ್ದಳು. ಬುತ್ತಿಗಂಟು, ಕಂಬಳಿ, ನೀರಿನ ಚೀಲ ಎಲ್ಲ ಸಿದ್ಧವಾಗಿದ್ದವು. ಕುದುರೆಗೆ ಜೀನು ಬಿಗಿಯುವುದೊಂದೇ ಬಾಕಿ. ಹಂಸಿ ಎಂಬ ಆ ಕುದುರೆ ಗುಡ್ಡದಾಚೆಯ ಹಸಿರು ಹುಲ್ಲನ್ನು ನೆನೆದು ಬೆಳಗಿನಿಂದ ಕಾಲಿನಿಂದ ನೆಲ ಕೆರೆಯುತ್ತಿದ್ದಳು. ಆದರೆ ಹೊಟ್ಟೆಗೆ ಪಟ್ಟಿ ಸುತ್ತಿದ್ದೇ ತಡ, ಉಸಿರೆಳೆದು ಹೊಟ್ಟೆ ಉಬ್ಬಿಸಿ ನಿಂತಳು. ತನ್ನನ್ನು ಯಾರೂ ಬಿಗಿಯಬಾರದೆಂಬುದು ಅವಳ ಹಟ.

“ಉಸಿರು ಬಿಡು ತಂಗಿ,” ಎಂದಿತು ಹಳೆಯ ಪಟ್ಟಿ. “ಸಡಿಲವಾದ ಜೀನಿನ ಮೇಲೆ ಯಾರು ಕೂರುತ್ತಾರೆ?”

ಹಂಸಿ ತುಟಿ ಬಿಗಿಹಿಡಿದಳು. ಬಾಯಿ ತೆರೆದರೆ ಉಸಿರು ಹೋಗಿಬಿಡುತ್ತಿತ್ತು.

ನೀಲಗಂಗವ್ವ ಎಳೆದೆಳೆದು ಸಾಕಾದಳು. “ದಪ್ಪಗಾಗೀಯಲ್ಲೇ ನೀ. ಇಲ್ಲೇ ಇರು, ನಾ ಬಸ್ಸಿಗೆ ಹೋಗತೀನಿ,” ಎಂದು ಬುತ್ತಿಗಂಟು ಎತ್ತಿಕೊಂಡಳು.

ಪಟ್ಟಿ ಮೆಲ್ಲಗೆ ಕೇಳಿತು: “ನಿಜ ಹೇಳು ತಂಗಿ, ಬಸುರಿಯೇನು? ಪಕ್ಕದ ಮನೆಯ ಕತ್ತೆ ದಿನಾ ಬೇಲಿಯ ಹತ್ತಿರ ನಿಂತು ಹಾಡುತ್ತಿತ್ತಲ್ಲ.”

ಹಂಸಿಗೆ ತಡೆಯಲಾಗಲಿಲ್ಲ. ಹೊಟ್ಟೆ ಕುಲುಕಿಸಿ ನಕ್ಕಳು, ಉಸಿರೆಲ್ಲ ಹೊರಬಿತ್ತು. ಪಟ್ಟಿ ಜೋತುಬಿದ್ದದ್ದನ್ನು ಕಂಡ ನೀಲಗಂಗವ್ವ ಓಡಿಬಂದು ಬಿಗಿದಳು, ಗಂಟು ಹೇರಿ ಹತ್ತಿ ಕುಳಿತಳು.

ಊರು ದಾಟಿದ ಮೇಲೆ ಹಂಸಿ ಅಚ್ಚರಿಪಟ್ಟಳು. “ಅಕ್ಕಾ, ಈಗ ಉಸಿರಾಟ ಸರಾಗವಾಗಿದೆಯಲ್ಲ.”

“ಆಗ ಉಸಿರು ಕಟ್ಟಿದ್ದು ನಾನಲ್ಲ, ನೀನೇ,” ಎಂದಿತು ಪಟ್ಟಿ.

ಹಂಸಿ ಮತ್ತೊಮ್ಮೆ ನಕ್ಕು ಗುಡ್ಡದ ದಾರಿ ಹಿಡಿದು ಓಡಿದಳು.