ನಡುವೆ ಒಂದು ‘ಆರ್’

ನಮ್ಮ ಪೇಟೆಯ ಸೀರೆ ಅಂಗಡಿಯೊಂದಕ್ಕೆ ಬಂದ ಮಾಲೆಲ್ಲ ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತು. ಸೀರೆ ಕಳಿಸಿದ ಮಿಲ್ಲಿನ ಕರಾರಿನಂತೆ, ಹದಿನೈದು ದಿನದೊಳಗೆ ಇಂಗ್ಲಿಷಿನಲ್ಲಿ ದೂರು ಬರೆದು, ಅದಕ್ಕೆ ಅಲ್ಲಿನ ಮ್ಯಾನೇಜರ ರುಜು ಪಡೆದರೆ ಮಾತ್ರ ಮಾಲು ವಾಪಸು. ಸಾಹುಕಾರರು ಗುಮಾಸ್ತನಿಗೆ, “ರುಜು ತರದಿದ್ರೆ ನೀನೂ ಅಂಗಡಿಗೆ ಬರಬೇಡ” ಅಂದುಬಿಟ್ಟರು.

ಮ್ಯಾನೇಜರು ಎರಡು ಸಲ ಕಾಗದ ಎಸೆದಿದ್ದ. ಕೊನೆಯ ದಿನವೂ ಓದಿ ನಕ್ಕ.

“‘ವಿ ಫೇಸಿಂಗ್ ಪ್ರಾಬ್ಲಂಸ್ ವಿತ್ ಯುವರ್ ಸ್ಯಾರೀಸ್’ ಅಂತೆ! ನಡುವೆ ‘ಆರ್’ ಎಲ್ಲಯ್ಯಾ? ತಪ್ಪು ಇಂಗ್ಲಿಷಿಗೆ ನಾನು ರುಜು ಹಾಕಲ್ಲ.”

“ಕನ್ನಡದಲ್ಲಿ ‘ನಮಗೆ ತೊಂದರೆ’ ಅಂದ್ರೆ ಮುಗೀತು ಸಾರ್, ನಡುವೆ ಏನೂ ಬೇಡ. ಅದೇ ಅಭ್ಯಾಸ,” ಅಂದ ಗುಮಾಸ್ತ, ಬಾಡಿದ ಮುಖದಲ್ಲಿ. “ನೀವೇ ತಿದ್ದಿ, ಸರಿಯಾಗಿದೆ ಅಂತ ಕೆಳಗೆ ಬರೆದುಕೊಡಿ. ಇಲ್ಲದಿದ್ರೆ ಸಾಹುಕಾರ್ರು ನಂಬಲ್ಲ.”

ಮ್ಯಾನೇಜರು ಉಬ್ಬಿಹೋದ. ಕೆಂಪು ಶಾಯಿಯಲ್ಲಿ ‘ಆರ್’ ಸೇರಿಸಿದ. ಕೆಳಗೆ ‘ಕರೆಕ್ಟ್’ ಎಂದು ಬರೆದು ರುಜು, ತಾರೀಕು ಹಾಕಿದ.

ಗುಮಾಸ್ತ ಕಾಗದ ಮಡಚಿ ಜೇಬಿಗಿಟ್ಟ. “ದೂರು ಕರೆಕ್ಟ್ ಅಂತ ನೀವೇ ಒಪ್ಪಿದಿರಿ ಸಾರ್. ನಾಳೆ ಮಾಲು ಲಾರಿಗೆ ಹಾಕ್ತೀವಿ.”

ಮ್ಯಾನೇಜರ ಮುಖ ಕಪ್ಪಿಟ್ಟಿತು. “ಅಯ್ಯೋ, ನನ್ನ ಕೆಲಸಾನೇ ಹೋಗುತ್ತಲ್ಲೋ! ಮಾಲೀಕರಿಗೆ ಏನಂತ ಬರೀಲಿ?”

ಗುಮಾಸ್ತ ನಗಲಿಲ್ಲ. ಅದೇ ಭಯದಲ್ಲಿ ಅವನೂ ಹದಿನೈದು ದಿನ ಕಳೆದಿದ್ದ.

“‘ಐ ಆಮ್ ಫೇಸಿಂಗ್ ಪ್ರಾಬ್ಲಂಸ್’ ಅಂತ ಬರೀರಿ. ‘ಆಮ್’ ಬಿಡಬೇಡಿ ಸಾರ್.”