ಐದು ಗೋದಾಮಿನ ಕರಿಕಲ್ಲು

"ಬಳಸಲು ಬಾರದವರಿಗೆ ಬಳಸುವುದನ್ನು ಹೇಗೆ ಕಲಿಸಬೇಕು, ಗುರುಗಳೇ?" ಎಂದು ಮೇದಿನಿ ಕೇಳಿದಳು.

ಅಷ್ಟು ಕೇಳುವುದಕ್ಕೆ ಅವಳು ಎರಡು ದಿನ ಹಿಂದೆಮುಂದೆ ನೋಡಿದ್ದಳು. ಊದುಬತ್ತಿ ಕಾರ್ಖಾನೆಯೊಂದಕ್ಕೆ ಅವಳು ಮಾಹಿತಿ ವ್ಯವಸ್ಥೆ ಕಟ್ಟಿಕೊಟ್ಟಿದ್ದಳು. ಆರು ಶೆಡ್ಡುಗಳ ಮೇಸ್ತ್ರಿ ಹೆಂಗಸರು ದಿನವೂ ಫೋನಿನಲ್ಲಿ ಒಂದು ಗುಂಡಿ ಒತ್ತಬೇಕು. ಹಸಿರೆಂದರೆ ಎಲ್ಲ ಸರಿಯಿದೆ, ಕೆಂಪೆಂದರೆ ತೊಂದರೆಯಿದೆ. ಮೂರು ತಿಂಗಳಿಂದ ಬರೀ ಹಸಿರೇ ಬರುತ್ತಿತ್ತು. ಕಳಿಸಿದ ಮಾಲು ಮಾತ್ರ ಬೂಷ್ಟು ಹಿಡಿದು ವಾಪಸ್ಸಾಗುತ್ತಿತ್ತು. "ಈ ಹೆಂಗಸರಿಗೆ ಸರಿಯಾಗಿ ಕಲಿಸಮ್ಮ, ಇಲ್ಲ ತಿಂಗಳ ಕೊನೆಗೆ ನಿನ್ನ ವ್ಯವಸ್ಥೆ ಕಿತ್ತುಕೊಂಡು ಹೋಗು" ಎಂದಿದ್ದರು ಮಾಲೀಕರು. ಅದು ಅವಳ ಮೊದಲ ಕೆಲಸ.

ಗುರುಗಳು ಕತೆ ಹೇಳಿದರು.

ಒಬ್ಬ ಮೆಣಸಿನಕಾಯಿ ವರ್ತಕನಿದ್ದ. ಅವನಿಗೆ ಐದು ಊರುಗಳಲ್ಲಿ ಐದು ಗೋದಾಮುಗಳಿದ್ದವು. ಮಳೆಗಾಲದಲ್ಲಿ ಯಾವ ಗೋದಾಮಿಗೆ ತೇವ ಹತ್ತಿದೆಯೆಂದು ತಿಳಿಯುವಷ್ಟರಲ್ಲಿ ಚೀಲಗಳು ಕಪ್ಪಾಗಿರುತ್ತಿದ್ದವು. ಅವನು ಒಬ್ಬ ಬಡಗಿಯನ್ನು ಕರೆಸಿ, "ನಾನು ಕೂತಲ್ಲೇ ನನಗೆ ಗೊತ್ತಾಗಬೇಕು, ಹಾಗೊಂದು ಉಪಾಯ ಮಾಡು" ಎಂದ.

ಬಡಗಿ ಐದು ಪೆಟ್ಟಿಗೆ ಮಾಡಿದ. ಐವರು ಕಾವಲುಗಾರರಿಗೂ ಬಿಳಿಗಲ್ಲು, ಕರಿಕಲ್ಲು ಹಂಚಿದ. ಒಣಗಿದ್ದರೆ ಬಿಳಿ, ತೇವವಾದರೆ ಕರಿ. ಬೆಳಿಗ್ಗೆ ಹೊರಟ ಗಾಡಿ ಮಧ್ಯಾಹ್ನಕ್ಕೆ ಐದೂ ಪೆಟ್ಟಿಗೆಗಳನ್ನು ವರ್ತಕನ ಮುಂದೆ ಇಡುತ್ತಿತ್ತು.

ಮೊದಲ ವಾರ ಒಂದು ಕರಿಕಲ್ಲು ಬಂತು. ಆಮೇಲೆ ವಾರಗಟ್ಟಲೆ ಬರೀ ಬಿಳಿ. ವರ್ತಕ ನಿಶ್ಚಿಂತನಾಗಿದ್ದ. ಮಳೆಗಾಲ ನಡುವಿಗೆ ಬಂದಾಗ ಒಂದು ಗೋದಾಮು ತೆರೆಸಿದ. ಮುನ್ನೂರು ಚೀಲ ಕೊಳೆತಿತ್ತು. ಆ ಕಾವಲುಗಾರನನ್ನು ಕೆಲಸದಿಂದ ತೆಗೆಯುತ್ತೇನೆಂದ. ಬಡಗಿ ಎರಡು ದಿನ ತಾಳಿ ಎಂದು ಕೇಳಿಕೊಂಡು ಆ ಊರಿಗೆ ಹೋದ.

ಕಾವಲುಗಾರ ಹೆಂಡತಿಯ ಜೊತೆ ಕೂತು ಅಳಗುಳಿಮಣೆ ಆಡುತ್ತಿದ್ದ. ಮಣೆಯ ಗುಳಿಗಳಲ್ಲಿ ಕರಿಕಲ್ಲುಗಳು.

"ಇವನ್ನು ಪೆಟ್ಟಿಗೆಗೆ ಯಾಕೆ ಹಾಕಲಿಲ್ಲ?"

"ಒಂದು ಸಲ ಹಾಕಿದ್ದೆನಲ್ಲಪ್ಪ. ಯಜಮಾನರು ಗಾಡಿ ಕಟ್ಟಿಸಿಕೊಂಡು ಬಂದು ಊರವರ ಮುಂದೆ ನನ್ನ ಏಳು ತಲೆಮಾರನ್ನೂ ಎಣಿಸಿದರು. ಬಿಳಿ ಹಾಕಿದರೆ ಯಾರೂ ಬರಲ್ಲ."

"ಅವರು ಎಣಿಸೋದರಲ್ಲಿ ಗಟ್ಟಿಗರು. ನಮ್ಮ ಮಾವನ ಹೆಸರು ನನಗೇ ಗೊತ್ತಿರಲಿಲ್ಲ" ಎಂದಳು ಹೆಂಡತಿ, ಆಟದಿಂದ ಕಣ್ಣು ತೆಗೆಯದೆ.

ಬಡಗಿ ಹಿಂತಿರುಗಿ ವರ್ತಕನಿಗೆ ಇದನ್ನೆಲ್ಲ ಹೇಳಿದ. ವರ್ತಕ ಕೆಟ್ಟವನಲ್ಲ. ನಾಚಿಕೊಂಡ. ಕಾವಲುಗಾರನನ್ನು ತೆಗೆಯಲಿಲ್ಲ. ಇನ್ನು ಮೇಲೆ ಕರಿಕಲ್ಲು ಹಾಕಿದವನಿಗೆ ಒಂದು ಅಚ್ಚು ಬೆಲ್ಲ ಎಂದು ಸಾರಿಸಿದ. ಮಾರನೆಯ ದಿನವೇ ಐದು ಪೆಟ್ಟಿಗೆಗಳಲ್ಲೂ ಕರಿಕಲ್ಲು. ಅದರ ಮಾರನೆಯ ದಿನವೂ ಐದು. ವರ್ತಕ ಊರೂರು ತಿರುಗಿ ನೋಡಿದರೆ ನಾಲ್ಕು ಗೋದಾಮು ಗರಿಗರಿಯಾಗಿ ಒಣಗಿವೆ.

"ಬೈದರೆ ಬಿಳಿ, ಬೆಲ್ಲ ಕೊಟ್ಟರೆ ಕರಿ. ನಿನ್ನ ಪೆಟ್ಟಿಗೆ ಒಲೆಗೆ ಹಾಕ್ತೀನಿ" ಎಂದ ವರ್ತಕ.

ಮೇದಿನಿಗೆ ನಗು ಬಂತು. ಮರುಕ್ಷಣವೇ ಅವಳು ಕೇಳಿದಳು, "ಬಡಗಿ ಪೆಟ್ಟಿಗೆ ಬದಲಾಯಿಸಿದನಾ?"

ಇಲ್ಲ, ಎಂದರು ಗುರುಗಳು. ಅವನು ಮತ್ತೆ ಅದೇ ಕಾವಲುಗಾರನ ಹತ್ತಿರ ಹೋದ. ಮೊದಲೇ ಕೇಳಬೇಕಿದ್ದ ಒಂದು ಮಾತನ್ನು ಈಗ ಕೇಳಿದ. "ಒಳಗೆ ತೇವ ಕಂಡರೆ ನಿನಗೆ ಏನು ಬೇಕಾಗುತ್ತದೆ?"

ಕಾವಲುಗಾರ ಎದ್ದು ಗೋದಾಮಿನ ಬಾಗಿಲು ತೆರೆದು ತೋರಿಸಿದ. ಹಾಗೆ ಯಾರೂ ಅವನನ್ನು ಕೇಳಿರಲಿಲ್ಲ. "ಬಿಸಿಲು ಬಿದ್ದ ಗಳಿಗೆಯಲ್ಲಿ ಚೀಲ ಬಿಚ್ಚಿ ಹರವಬೇಕು. ನಾನೊಬ್ಬ, ಚೀಲ ಮುನ್ನೂರು. ಹರವೋಕೆ ಚಾಪೆ ಕೂಡ ಇಲ್ಲ."

ಬಡಗಿ ಬಂದು ವರ್ತಕನಿಗೆ ಹೇಳಿದ. "ಕರಿಕಲ್ಲು ಬಂದ ಗೋದಾಮಿಗೆ ನೀವು ಹೋಗಬೇಡಿ. ಬೆಲ್ಲವನ್ನೂ ಕಳಿಸಬೇಡಿ. ಅದೇ ಗಾಡಿಯಲ್ಲಿ ನಾಲ್ಕು ಆಳು, ಇಪ್ಪತ್ತು ಚಾಪೆ ಕಳಿಸಿ."

ಆಳುಗಳು ಹೋದರು. ತೇವ ಹತ್ತಿದ ಕಡೆ ಕಾವಲುಗಾರ ಓಡಿಬಂದು ಚಾಪೆ ಇಳಿಸಿಕೊಂಡ. ಸುಮ್ಮನೆ ಕರಿಕಲ್ಲು ಹಾಕಿದ್ದವನು ಒಣಗಿದ್ದ ಕಾಯಿಯನ್ನೇ ಅವರ ಜೊತೆ ದಿನವಿಡೀ ಸೀನುತ್ತ ಹರವಬೇಕಾಯಿತು. ಎರಡನೆಯ ಸಲ ಅವನು ಹಾಗೆ ಮಾಡಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ಇನ್ನೂ ಹನ್ನೊಂದು ಕರಿಕಲ್ಲು ಬಂದವು. ಒಂದು ಚೀಲವೂ ಕೊಳೆಯಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮೇದಿನಿ ಕೂತಲ್ಲೇ ಲೆಕ್ಕ ಹಾಕುತ್ತಿದ್ದಳು. ಸೋಮವಾರ ಮಾಲೀಕರನ್ನು ನೋಡಬೇಕು. ಹೇಗೆ ಮಾತು ತೆಗೆಯಬೇಕು ಎಂಬುದೇ ಅವಳ ಚಿಂತೆ.

"ಹಾಗಾದರೆ ಕೆಂಪು ಬಂದಾಗ ಬೈಯಬೇಡಿ ಅಂತ ಮಾಲೀಕರಿಗೆ ಹೇಳಿಬಿಟ್ಟರೆ ಸಾಕಲ್ಲವಾ, ಗುರುಗಳೇ? ನನ್ನ ವ್ಯವಸ್ಥೆಯಲ್ಲಂತೂ ತಪ್ಪಿಲ್ಲ."

"ಕೆಂಪು ಒತ್ತಿದವಳ ಶೆಡ್ಡಿಗೆ ಚಾಪೆ ಹೊತ್ತುಕೊಂಡು ಹೋಗುವವರು ಯಾರು ಅಂತ ಅದರಲ್ಲಿ ಎಲ್ಲಿ ಬರೆದಿದ್ದೀಯಮ್ಮ?"